ಒಂದೇ ಮನೆಯ ಮೂರು ಪೋರ್ಷನ್‌ಗಳಿಗೆ ಬೇರೆ ಬೇರೆ ವಿಳಾಸ: ನನ್ನ ಅನುಭವ

ಪ್ರತಿ ಪೋರ್ಷನ್‌ಗೂ ಹೊಸ ಮನೆ ನಂಬರು ಪಡೆಯಬಹುದು, ಇಲ್ಲವೇ ಇರುವ ನಂಬರಿಗೇ ಪೋರ್ಷನ್ ಗುರುತು ಸೇರಿಸಬಹುದು. ಹೊಸ ನಂಬರು ಕೊಡುವ ಅಧಿಕಾರ ಸ್ಥಳೀಯ ಆಡಳಿತದ್ದು. ನಾವೇ ಬರೆದುಕೊಂಡರೆ ಅದಕ್ಕೆ ಬೆಲೆಯಿಲ್ಲ. ರಸ್ತೆಗೆ ಒಂದೇ ಗೇಟು ಇದ್ದುದರಿಂದ ನಾನು ಎರಡನೆಯದನ್ನು ಆರಿಸಿಕೊಂಡೆ. ಆದರೂ ಬಾಗಿಲು, ಮೆಟ್ಟಿಲು ತೋರಿಸುವ ನಕ್ಷೆ ಕೊಟ್ಟು ಆಡಳಿತದಿಂದ ಲಿಖಿತ ಒಪ್ಪಿಗೆ ಪಡೆದೆ.

ಹೆಚ್ಚು ಯೋಚನೆ ಬೇಕಾದದ್ದು ಗುರುತಿನ ರೂಪಕ್ಕೆ. ಮನೆ ನಂಬರು 12 ಎಂದುಕೊಳ್ಳಿ. 12ಎ ಎಂದಿಟ್ಟರೆ, ಮುಂದೆ ಪಕ್ಕದ ನಿವೇಶನ ಒಡೆದಾಗ ಅದಕ್ಕೂ ಅದೇ ನಂಬರು ಬರುವ ಅಪಾಯವಿದೆ. 12/1 ಎಂದು ಕೈಯಲ್ಲಿ ಬರೆದರೆ ಓರೆಗೆರೆ ಒಂದರಂತೆ ಕಂಡು 1211 ಆಗುತ್ತದೆ. ಕೆಲವು ಆನ್‌ಲೈನ್ ಫಾರಂಗಳು ಆ ಗೆರೆಯನ್ನೇ ತೆಗೆದುಕೊಳ್ಳುವುದಿಲ್ಲ. ‘ಹಿಂದಿನ ಮನೆ’, ‘ಮೇಲಿನ ಮನೆ’ ಎಂಬುದಂತೂ ಹೊಸಬರಿಗೆ ತಿಳಿಯದು. ಹಾಗಾಗಿ ಕೆಳಗೆ 101, 102, ಮೇಲೆ 201 ಎಂದಿಟ್ಟೆ. ಮೊದಲ ಅಂಕಿ ಅಂತಸ್ತನ್ನು ಹೇಳುತ್ತದೆ. ಆಂಬುಲೆನ್ಸ್‌ನವರಿಗೆ ಇದಕ್ಕಿಂತ ಬೇಗ ತಿಳಿಯುವ ಗುರುತು ನನಗೆ ಗೊತ್ತಿಲ್ಲ. ಬರೆಯುವ ರೂಪ ಒಂದೇ: ‘12, ಪೋರ್ಷನ್ 201’, ಅದೂ ಒಂದೇ ಸಾಲಿನಲ್ಲಿ. ಎರಡನೇ ಸಾಲಿಗೆ ಹಾಕಿದ್ದು ಪಾರ್ಸೆಲ್ ಚೀಟಿಯಲ್ಲಿ ಬಿಟ್ಟುಹೋಗುವುದುಂಟು.

ಫಲಕ ಬರೆಸುವ ಮುನ್ನ ಮೀಟರು ಪರೀಕ್ಷಿಸಿ. ಒಂದೊಂದೇ ಮೇನ್ ಸ್ವಿಚ್ ಆಫ್ ಮಾಡಿ, ಯಾವ ಪೋರ್ಷನ್‌ನಲ್ಲಿ ಕರೆಂಟ್ ಹೋಯಿತೆಂದು ನೋಡಿ, ಆಮೇಲೆ ಚೀಟಿ ಅಂಟಿಸಿ. ಮೆಟ್ಟಿಲ ದೀಪವೋ ನೀರಿನ ಮೋಟರೋ ಒಬ್ಬ ಬಾಡಿಗೆದಾರರ ಮೀಟರಿಗೆ ಸೇರಿರುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಅದನ್ನು ಎಲ್ಲರಿಗೂ ಸೇರಿದ ಮೀಟರಿಗೆ ಬದಲಿಸಿದ ಮೇಲೇ ಬಿಲ್ಲಿನ ವಿಳಾಸ ತಿದ್ದಿಸುವುದು ನ್ಯಾಯ.

ರಸ್ತೆಯ ಕಡೆಯ ಅಂಕಿ 10 ಸೆಂ.ಮೀ. ಎತ್ತರ, ಬಾಗಿಲ ಮೇಲಿನದು 5 ಸೆಂ.ಮೀ. ಇರಲಿ, ತಿಳಿ ಹಿನ್ನೆಲೆಗೆ ಗಾಢ ಬಣ್ಣ. ಗೇಟಿನ ರೆಕ್ಕೆಗೆ ಬೇಡ, ಕಂಬಕ್ಕೆ ಹಾಕಿ. ಗೇಟು ತೆರೆದಿಟ್ಟಾಗ ರೆಕ್ಕೆಯ ಮೇಲಿನ ನಂಬರು ಗೋಡೆಗೆ ತಿರುಗಿ ಮರೆಯಾಗುತ್ತದೆ. ದಾರಿ ಕವಲಾಗುವಲ್ಲಿ ಬಾಣದ ಗುರುತು, ಮೇಲೊಂದು ದೀಪ. ಅಂಚೆ ಡಬ್ಬ ಮೂರೂ ಬೇರೆ, ಬೀಗವೂ ಬೇರೆ, ಮೂರೂ ಗೇಟಿನ ಬಳಿಯೇ.

ಅಂಚೆ ಕಚೇರಿ, ವಿದ್ಯುತ್, ನೀರು, ವಿಮೆ ಎಲ್ಲಕ್ಕೂ ಬಾಡಿಗೆದಾರರು ಬರುವ ಮುಂಚೆಯೇ ತಿಳಿಸಬೇಕು. ಅವರ ಬ್ಯಾಂಕು, ಗುರುತಿನ ಚೀಟಿಗೆ ವಿಳಾಸ ಹೋದ ಮೇಲೆ ನಂಬರು ಬದಲಿಸಿದರೆ ಅವರೇ ಅಲೆಯಬೇಕಾಗುತ್ತದೆ. ಕರಾರುಪತ್ರದಲ್ಲೂ ಅಕ್ಷರ ಬದಲಿಸದೆ ಅದೇ ರೂಪ ಬರೆಸಿ.