ಸ್ಯಾಪ್‌ಸಕರ್ ಯಾವ ಮರ ಹಿಡಿದಿದೆ? ತೊಗಟೆ ನೋಡಿ ಹೇಳಿ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲೋ ಕೆನಡಾದಲ್ಲೋ ಮನೆ ಮಾಡಿರುವ ಕನ್ನಡಿಗರು ಹಿತ್ತಿಲ ಮೇಪಲ್ ಮರದಲ್ಲಿ ಸಾಲು ತೂತು ಕಂಡರೆ ಮೊದಲು ಕೀಟನಾಶಕ ತರಲು ಓಡುತ್ತಾರೆ. ದುಡ್ಡು ದಂಡ. ಅದು ಹಳದಿ ಹೊಟ್ಟೆಯ ಸ್ಯಾಪ್‌ಸಕರ್ ಎಂಬ ಮರಕುಟಿಗದ ಕೆಲಸ. ನಮ್ಮೂರಿನ ಹೊಂಬೆನ್ನಿನ ಮರಕುಟಿಗ ಇರುವೆ, ಹುಳುಗಳಿಗಾಗಿ ಕುಟ್ಟಿದರೆ ಇದು ಕುಟ್ಟುವುದು ಹೆಚ್ಚಾಗಿ ರಸಕ್ಕೆ. ನೆಕ್ಕಲು ಅನುಕೂಲವಾಗಲೆಂದು ನಾಲಿಗೆಯ ತುದಿಯೂ ಕುಂಚದಂತಿದೆ.

ಹಂತ 1: ಬರ್ಚ್, ಮೇಪಲ್ ಮರಗಳನ್ನು ಮೊದಲು ನೋಡಿ, ಅವುಗಳ ರಸದಲ್ಲಿ ಸಕ್ಕರೆ ಹೆಚ್ಚು. ಆದರೆ ಜಾತಿಯನ್ನೇ ನೆಚ್ಚಿಕೊಳ್ಳಬೇಡಿ. ಈ ಹಕ್ಕಿ ಕೊರೆದ ಮರಗಿಡಗಳ ಪಟ್ಟಿ 1000 ಜಾತಿ ದಾಟಿದೆ.

ಹಂತ 2: ತೂತು ಪರೀಕ್ಷಿಸಿ. ಎಲ್ಲರೂ ಎಡವುವುದು ಇಲ್ಲೇ. ಕೊರಕ ಹುಳು ಹೊರಬಂದ ತೂತುಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ; ಆ್ಯಶ್ ಮರವನ್ನು ಕೊರೆಯುವ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಜೀರುಂಡೆಯದಾದರೆ ಇಂಗ್ಲಿಷಿನ ಡಿ ಅಕ್ಷರದ ಆಕಾರ, ಸುಮಾರು 3 ಮಿ.ಮೀ. ಅಗಲ. ಸ್ಯಾಪ್‌ಸಕರ್ ತೂತುಗಳು ಅಡ್ಡಕ್ಕೆ ನೇರ ಸಾಲಿನಲ್ಲಿರುತ್ತವೆ.

ಅದರಲ್ಲೂ ಎರಡು ಬಗೆ. ಎಲೆ ಚಿಗುರುವ ಮೊದಲು ಕೊರೆದದ್ದು ದುಂಡಗೆ, ಆಳವಾಗಿ ಕ್ಸೈಲಂ, ಅಂದರೆ ನೀರು ಮೇಲೇರಿಸುವ ಒಳಗಿನ ಕಟ್ಟಿಗೆಯ ಪದರದ ತನಕ ಇಳಿದಿರುತ್ತದೆ. ಬೇರಿನಿಂದ ಮೇಲೇರುವ ಈ ರಸ ನೀರುನೀರು, ಸಕ್ಕರೆ ಶೇ 2–3ರಷ್ಟೇ. ಎಲೆ ಬಂದ ಮೇಲೆ ಹಕ್ಕಿ ಫ್ಲೋಯಂಗೆ, ಅಂದರೆ ಎಲೆಯ ಸಕ್ಕರೆಯನ್ನು ಕೆಳಗಿಳಿಸುವ ತೊಗಟೆಯ ಒಳಪದರಕ್ಕೆ ತಿರುಗುತ್ತದೆ. ಆಗಿನ ಗುಳಿ ಚೌಕ, ಆಳ ಕಡಿಮೆ. ರಸದಲ್ಲಿ ಸಕ್ಕರೆ ಶೇ 10 ದಾಟಬಹುದು. ಮರ ಈ ಗಾಯವನ್ನು ಬೇಗ ಮುಚ್ಚಿಕೊಳ್ಳುವುದರಿಂದ ಹಕ್ಕಿ ಅಂಚನ್ನು ದಿನವೂ ಕೆತ್ತುತ್ತಿರಬೇಕು. ಹಾಗಾಗಿ ಅಂಚನ್ನೇ ನೋಡಿ: ಹಸಿಯಾಗಿ, ತಿಳಿಬಣ್ಣಕ್ಕಿದ್ದು ಬೆರಳಿಗೆ ಅಂಟಿದರೆ ಗುಳಿ ನಡೆಯುತ್ತಿದೆ, ಕಪ್ಪಗೆ ಒಣಗಿದ್ದರೆ ಬಿಟ್ಟುಹೋಗಿದೆ. ಇರುವೆ, ಕಣಜ, ಹಮ್ಮಿಂಗ್‌ಬರ್ಡ್ ಸುಳಿದಾಡುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಒಂದೇ ಒಂದು ಒಣ ಅಡ್ಡಸಾಲು ಇದ್ದರೆ ರುಚಿ ನೋಡಿ ಹೋಗಿದೆ ಎಂದುಕೊಳ್ಳಿ. ಸಾಲಿನ ಮೇಲೆ ಸಾಲು ಏರುತ್ತಾ ಹೋಗಿದ್ದರೆ ಆ ಮರವನ್ನೇ ಹಿಡಿದಿದೆ. ಎಲೆಯಿಂದ ಇಳಿಯುವ ಸಕ್ಕರೆ ತೊಗಟೆ ಕಡಿದಲ್ಲಿ ತಡೆದು ಮೇಲ್ಗಡೆ ಸೇರುತ್ತದೆ, ಮುಂದಿನ ಗುಳಿ ಅದರ ಮೇಲೆಯೇ.

ಹಂತ 3: ಹತ್ತು ಮೇಪಲ್‌ಗಳಲ್ಲಿ ಒಂದಕ್ಕೇ ನೂರು ತೂತು ಬಿದ್ದಿದ್ದರೆ ಹಳೆಯ ಗಾಯ ಹುಡುಕಿ. ಸಿಡಿಲು, ಗಾಳಿಗೆ ಸೀಳಿದ ಕೊಂಬೆ, ರೋಗ, ಹಿಂದಿನ ವರ್ಷದ ಗುಳಿ. ಪೆಟ್ಟು ತಿಂದ ಮರವೇ ಇದಕ್ಕೆ ಇಷ್ಟ. ವರ್ಷ ವರ್ಷವೂ ಅದೇ ಮರಕ್ಕೆ ಬರುತ್ತದೆ.

ಹಂತ 4: ಆ ಮರವನ್ನು ಹಕ್ಕಿಗೇ ಬಿಡಿ. ಅಲ್ಲಿಂದ ಓಡಿಸಿದರೆ ಪಕ್ಕದ ಒಳ್ಳೆಯ ಮರಕ್ಕೆ ಹೋಗುತ್ತದೆ. ಕಾಂಡದ ಸುತ್ತ ತೊಗಟೆ ಕಡಿದುಹೋಗುವಂತಿರುವ ಎಳೆ ಮರಕ್ಕೆ ಮಾತ್ರ ಗೋಣಿತಟ್ಟು ಸಡಿಲವಾಗಿ ಸುತ್ತಿ. ಅಂಗಡಿಯವರು ಮಾರುವ ಅಂಟು ಬಳಿಯಲೇಬೇಡಿ, ರೆಕ್ಕೆಗೆ ಹತ್ತಿದರೆ ಹಕ್ಕಿ ಹಾರಲಾರದು. ಪ್ಲಾಸ್ಟಿಕ್ ಗೂಬೆಗೆ ಕೊಡುವ ದುಡ್ಡೂ ವ್ಯರ್ಥ. ಕೊಲ್ಲುವ ಯೋಚನೆಯಂತೂ ಬೇಡ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಚಳಿಗೆ ಹಕ್ಕಿ ದಕ್ಷಿಣಕ್ಕೆ ಹೋದ ಮೇಲೆ ತಟ್ಟು ಬಿಚ್ಚಿಬಿಡಿ, ಇಲ್ಲವಾದರೆ ಒಳಗೆ ತೇವ ನಿಂತು ತೊಗಟೆ ಕೊಳೆಯುತ್ತದೆ.