ಸ್ಕಾಲರ್‌ಶಿಪ್ ಯಾವ ಮೇಜಿನಲ್ಲಿ ನಿಂತಿದೆ ಎಂದು ಹುಡುಕಿದ ಬಗೆ

ಪದವಿ ಓದುತ್ತಿದ್ದಾಗ ನಾವು ಕೆಲವು ಗೆಳೆಯರು ಸೇರಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸಿಗಬೇಕಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಏಕೆ ತಡವಾಗುತ್ತದೆ ಎಂದು ಅಧ್ಯಯನ ಮಾಡಿ ಬರೆದೆವು. ನಮ್ಮಲ್ಲಿ ಹೆಚ್ಚಿನವರು ಅದೇ ಸ್ಕಾಲರ್‌ಶಿಪ್ ನಂಬಿಕೊಂಡು ಕಾಲೇಜಿಗೆ ಸೇರಿದವರು. ಹಣ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಕಷ್ಟ ಗೊತ್ತಿರುವುದು ಬೇರೆ, ಅದು ಯಾವ ಕಚೇರಿಯ ಯಾವ ಹಂತದಲ್ಲಿ ಹುಟ್ಟುತ್ತದೆ ಎಂದು ದಾಖಲೆ ಇಟ್ಟು ತೋರಿಸುವುದು ಬೇರೆ. ಇಂಥ ಕೆಲಸಕ್ಕೆ ಕೈ ಹಾಕಬೇಕೆಂದಿರುವ ಕಿರಿಯರಿಗೆ ಉಪಯೋಗವಾಗಲಿ ಎಂದು ನಾವು ನಡೆದ ದಾರಿಯನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿಕೊಂಡೆವು. ‘ದಲಿತ ವಿದ್ಯಾರ್ಥಿಗಳ ಶೈಕ್ಷಣಿಕ ಸಮಸ್ಯೆಗಳು’ ಎಂದು ಹೊರಟರೆ ನೂರು ಪುಟ ಬರೆಯಬಹುದು, ಯಾವ ಅಧಿಕಾರಿಯೂ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ‘ನಮ್ಮ ಕಾಲೇಜಿನಿಂದ ಅರ್ಜಿ ಹಾಕಿದವರ ಹಣ ಇವತ್ತು ಎಲ್ಲಿದೆ?’ ಎಂದು ಕೇಳಿದರೆ ಯಾರಾದರೊಬ್ಬರು ಉತ್ತರಿಸಲೇಬೇಕು. ಒಂದು ಡ್ರಾಯಿಂಗ್ ಹಾಳೆಯ ಮೇಲೆ ಹಣದ ದಾರಿಯನ್ನು ಬರೆದೆವು: ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆಯ ಮಂಜೂರಾತಿ, ಖಜಾನೆ, ಬ್ಯಾಂಕ್. ಪ್ರತಿ ಹಂತದ ಎದುರು ಯಾರು ಒಪ್ಪಿಗೆ ಕೊಡಬೇಕು, ತಡೆದರೆ ವಿದ್ಯಾರ್ಥಿಗೆ ಹೇಗೆ ತಿಳಿಯುತ್ತದೆ ಎಂದು ಬರೆಯತೊಡಗಿದೆವು. ಎರಡನೆಯ ಕಾಲಂ ಬಹುತೇಕ ಖಾಲಿಯೇ ಉಳಿಯಿತು. ಆ ಖಾಲಿ ಜಾಗವೇ ನಮ್ಮ ಅಧ್ಯಯನದ ಮೊದಲ ಫಲಿತಾಂಶ ಎಂದು ಈಗಲೂ ಭಾವಿಸುತ್ತೇನೆ.

ಆಮೇಲೆ ನಿಯಮ ಓದಿದೆವು. ಇದು ಸಾಮಾನ್ಯವಾಗಿ ಯುವಕರು ಬಿಟ್ಟುಬಿಡುವ ಭಾಗ, ನನ್ನ ಮಟ್ಟಿಗೆ ಅತಿ ಮುಖ್ಯವಾದ ಭಾಗವೂ ಹೌದು. ಈ ಯೋಜನೆ 1944ರಿಂದ ನಡೆದುಬಂದಿದೆ. ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟರ, ಶೈಕ್ಷಣಿಕ ಹಿತವನ್ನು ವಿಶೇಷ ಕಾಳಜಿಯಿಂದ ನೋಡಿಕೊಳ್ಳಬೇಕು ಎಂದು ಸಂವಿಧಾನದ 46ನೇ ವಿಧಿ ಸರ್ಕಾರಕ್ಕೆ ಹೇಳುತ್ತದೆ. 2021ರಲ್ಲಿ ಬಂದ ಪರಿಷ್ಕೃತ ಮಾರ್ಗಸೂಚಿಯಂತೆ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ, ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ತನ್ನ ಪಾಲನ್ನು ಕೊಟ್ಟ ನಂತರವೇ ಕೇಂದ್ರ ತನ್ನ ಪಾಲನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕುತ್ತದೆ.

ಈ ಸಾಲುಗಳನ್ನು ಓದಿದ ಸಂಜೆ ಹಾಸ್ಟೆಲಿನ ಮಂಚದ ಮೇಲೆ ಗೆಳೆಯರ ಪಾಸ್‌ಬುಕ್‌ಗಳನ್ನು ಹರಡಿಕೊಂಡು ಕುಳಿತೆವು. ‘ಅರ್ಧ ಸ್ಕಾಲರ್‌ಶಿಪ್ ಅಷ್ಟೇ ಬಂತು, ಬಹುಶಃ ಅಂಕ ಕಡಿಮೆ ಇದ್ದುದಕ್ಕೆ’ ಎಂದುಕೊಂಡಿದ್ದ ಒಬ್ಬನ ಪುಸ್ತಕದಲ್ಲಿ ಜಮೆಯಾಗಿದ್ದು ರಾಜ್ಯದ ಪಾಲು ಮಾತ್ರ. ಕೇಂದ್ರದ ಪಾಲು ಬಂದೇ ಇರಲಿಲ್ಲ. ಇನ್ನೊಬ್ಬಳ ಪ್ರಕರಣ ಬೇರೆ. ಪೋರ್ಟಲ್‌ನಲ್ಲಿ ಹಣ ಸಂದಾಯವಾಗಿದೆ ಎಂದಿದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಆಧಾರ್ ಮೂಲಕ ಪಾವತಿಯಾಗುವಾಗ, ಅರ್ಜಿಯಲ್ಲಿ ಬರೆದ ಖಾತೆ ಯಾವುದೇ ಇರಲಿ, ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ಅವಳ ಹಣ ಶಾಲೆಯಲ್ಲಿದ್ದಾಗ ತೆರೆದು ಮರೆತುಹೋಗಿದ್ದ ಖಾತೆಯಲ್ಲಿ ಕುಳಿತಿತ್ತು. ಇಬ್ಬರಿಗೂ ಕಚೇರಿಯಲ್ಲಿ ಸಿಕ್ಕಿದ್ದ ಉತ್ತರ ಒಂದೇ: ‘ನೀವು ಅರ್ಜಿ ಸರಿಯಾಗಿ ತುಂಬಿಲ್ಲ.’ ವ್ಯವಸ್ಥೆಯ ತೊಡಕನ್ನು ಹದಿನೆಂಟರ ಹುಡುಗ ಹುಡುಗಿಯರ ತಲೆಗೆ ಕಟ್ಟುವ ಈ ರೂಢಿ ನನ್ನನ್ನು ಬಹಳ ನೋಯಿಸಿದೆ. ಅವರು ಅದನ್ನು ನಂಬುತ್ತಾರೆ ಎಂಬುದು ಇನ್ನೂ ನೋವಿನ ಸಂಗತಿ.

ಕಚೇರಿಗಳಲ್ಲಿ ಮಾತಿಗಿಂತ ಅರ್ಜಿಗೆ ಬೆಲೆ. ‘ನೋಡಪ್ಪಾ, ನಮ್ಮ ಹಂತದಲ್ಲಿ ಏನೂ ಬಾಕಿ ಇಲ್ಲ, ಮೇಲಿನಿಂದ ಬರಬೇಕು’ ಎಂದ ವಿಷಯ ನಿರ್ವಾಹಕರು (ಕಡತ ನೋಡಿಕೊಳ್ಳುವ ಸಿಬ್ಬಂದಿ) ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅದು ದಾಖಲೆಯಲ್ಲ. ಆದ್ದರಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು ಎಂದಿದೆ, ಹಾಗಾಗಿ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ‘ಏಕೆ’ ಎಂದು ಕೇಳಿದರೆ ಅಭಿಪ್ರಾಯ ಕೊಡಲಾಗದು ಎಂಬ ಹಿಂಬರಹ ಬರುತ್ತದೆ. ಬಂದ ಅರ್ಜಿಗಳೆಷ್ಟು, ಮಂಜೂರಾದವೆಷ್ಟು, ಯಾವ ದಿನಾಂಕದಂದು ಎಷ್ಟು ಹಣ ಬಿಡುಗಡೆಯಾಯಿತು, ಆದೇಶದ ಪ್ರತಿ ಕೊಡಿ: ಹೀಗೆ ಕೇಳಬೇಕು. ವಿದ್ಯಾರ್ಥಿಗಳ ಹೆಸರು ಕೇಳಬಾರದು. ವೈಯಕ್ತಿಕ ಮಾಹಿತಿ ಎಂದು 8(1)(ಜೆ) ಕಲಮಿನಡಿ ನಿರಾಕರಿಸಬಹುದು, ಅಷ್ಟೇ ಅಲ್ಲ, ಆ ಹೆಸರುಗಳು ನಮಗೆ ಬೇಕಾಗಿಯೂ ಇಲ್ಲ. ಅರ್ಜಿ ಕೊಟ್ಟಾಗ ಟಪಾಲು ವಿಭಾಗದ ಮೊಹರು ಬಿದ್ದ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ಗಡುವಿನೊಳಗೆ ಉತ್ತರ ಬಾರದಿದ್ದರೆ ಮೇಲ್ಮನವಿಗೆ ಆಧಾರ ಅದೇ.

‘ಹಣವೇ ಇಲ್ಲ’ ಎಂಬ ಮಾತನ್ನು ಒರೆಗೆ ಹಚ್ಚಲು ಬಜೆಟ್ ಪುಸ್ತಕ ಹಿಡಿದೆವು. ರಾಜ್ಯದ 2013ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ಅನುಗುಣವಾಗಿ, 2011ರ ಜನಗಣತಿಯಂತೆ ಶೇ 24.1ರಷ್ಟು, ಅಭಿವೃದ್ಧಿ ಹಣವನ್ನು ಅವರಿಗಾಗಿಯೇ ಇರುವ ಉಪಯೋಜನೆಗೆ ಮೀಸಲಿಡಬೇಕು. ಎಲ್ಲರಿಗೂ ಬಳಕೆಯಾಗುವ ಕಾಮಗಾರಿಗಳ ವೆಚ್ಚದ ಒಂದು ಭಾಗವನ್ನೂ ಈ ಲೆಕ್ಕಕ್ಕೆ ಸೇರಿಸಲು ಅವಕಾಶವಿತ್ತು. ಆ 7(ಡಿ) ಕಲಮನ್ನು 2023ರಲ್ಲಿ ತೆಗೆದುಹಾಕಲಾಯಿತು. ಬಜೆಟ್ ಓದುವಾಗ ಘೋಷಣೆಯ ಅಂಕಿಯ ಮೇಲೆ ನಿಲ್ಲದೆ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕಗಳು ಎಂಬ ಕಾಲಂಗಳನ್ನು ಹೋಲಿಸಬೇಕು. ನಿಜವಾಗಿ ಖರ್ಚಾದದ್ದು ಎರಡು ವರ್ಷದ ನಂತರದ ಪುಸ್ತಕದಲ್ಲಿ ಸಿಗುತ್ತದೆ. ತಾಳ್ಮೆ ಬೇಕು, ಗಣಿತದ ಪಾಂಡಿತ್ಯವೇನೂ ಬೇಡ.

ಬರೆಯುವಾಗ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೆವು. ಪ್ರತಿ ವಾಕ್ಯದಲ್ಲಿ ಕೆಲಸ ಮಾಡಿದವರು ಅಥವಾ ಮಾಡದವರು ಯಾರೆಂದು ಕಾಣಬೇಕು. ‘ವಿಳಂಬವಾಗಿದೆ’ ಎಂದು ಬರೆದರೆ ಮಳೆ ಬಂದಷ್ಟೇ ಸಹಜವಾಗಿ ಕೇಳಿಸುತ್ತದೆ. ‘ಕಾಲೇಜು ಪರಿಶೀಲಿಸಿದ ಅರ್ಜಿಯನ್ನು ಇಲಾಖೆ ಈ ದಿನಾಂಕದವರೆಗೆ ಮಂಜೂರು ಮಾಡಲಿಲ್ಲ’ ಎಂದರೆ ಓದಿದವರು ಮುಂದಿನ ಪ್ರಶ್ನೆ ಕೇಳಬಹುದು. ಯಾರ ಕಥೆಯನ್ನು ಬಳಸಿದೆವೋ ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆ ಹೊರಗೆ ಕೊಟ್ಟೆವು. ಒಬ್ಬಳು, ‘ಶುಲ್ಕಕ್ಕೆ ಅಮ್ಮ ಸಾಲ ಮಾಡಿದ್ದು ಬರೆಯಿರಿ, ಯಾರ ಹತ್ತಿರ ಮಾಡಿದ್ದು ಎಂದು ಬೇಡ’ ಎಂದಳು. ಸಾಲ ಕೊಟ್ಟವರು ಯಾರೆಂಬ ಸಾಲನ್ನು ತೆಗೆದುಹಾಕಿದೆವು. ನಮ್ಮ ಲೇಖನ ಪ್ರಕಟವಾದ ಮರುದಿನವೂ ಅವಳು ಅದೇ ಊರಿನಲ್ಲಿ ಬದುಕಬೇಕಲ್ಲ.

ಇಷ್ಟೆಲ್ಲ ಅಂಕಿ ಸೇರಿಸಿದ ಮೇಲೂ ಒಂದು ಗುಂಪು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಣಕ್ಕಾಗಿ ಕಾದು ಕಾದು ಮೊದಲ ವರ್ಷವೇ ಕಾಲೇಜು ಬಿಟ್ಟವರು. ಪೋರ್ಟಲ್ ಅರ್ಜಿಗಳನ್ನು ಎಣಿಸುತ್ತದೆ, ಬಿಟ್ಟುಹೋದವರನ್ನಲ್ಲ. ಅವರ ಮಟ್ಟಿಗೆ ತಡವಾಗಿ ಬಂದ ಹಣ ಬಾರದ ಹಣವೇ. ಈಗ ನಮ್ಮ ಕಿರಿಯರು ಪ್ರವೇಶಾತಿ ದಾಖಲೆಯನ್ನೂ ಪರೀಕ್ಷಾ ಶುಲ್ಕ ಕಟ್ಟಿದವರ ಪಟ್ಟಿಯನ್ನೂ ಕಾಲೇಜಿನ ಅನುಮತಿಯೊಂದಿಗೆ ಪಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದವರನ್ನು ಗುರುತಿಸುತ್ತಿದ್ದಾರೆ. ಮಾತನಾಡಲು ಒಪ್ಪಿದವರ ಮನೆಗೆ ಹೋಗಿ, ಕಾಲೇಜು ಬಿಟ್ಟ ತಿಂಗಳು ಯಾವುದು, ಆಗ ಅವರ ಅರ್ಜಿ ಯಾವ ಹಂತದಲ್ಲಿತ್ತು, ಮತ್ತೆ ಸೇರಲು ಏನು ಬೇಕು ಎಂದು ಕೇಳಿ ಬರೆದುಕೊಳ್ಳುತ್ತಿದ್ದಾರೆ.