ಯಾಣದ ಗುಹೆ, ವಿಭೂತಿಯ ಗುಂಡಿ: ನಾನು ಹೋಗಿಬರುವ ಕ್ರಮ

ಉತ್ತರ ಕನ್ನಡದ ಯಾಣದ ಗುಹೆ ಸುತ್ತಿ, ಹತ್ತಿರದ ವಿಭೂತಿ ಜಲಪಾತದಡಿಯ ಗುಂಡಿಯಲ್ಲಿ ಈಜಿ ಬರಲು ನವೆಂಬರ್‌ನಿಂದ ಜನವರಿವರೆಗಿನ ಹೊತ್ತೇ ಸರಿ. ಮಳೆಗಾಲದ ಯಾಣ ಚೆಂದವೇ, ಆದರೆ ಆಗ ವಿಭೂತಿಯ ಗುಂಡಿಗೆ ಇಳಿಯುವ ಮಾತೇ ಬೇಡ. ಎರಡೂ ಒಂದೇ ದಿನಕ್ಕಾದರೆ ಬೆಳಿಗ್ಗೆ ಯಾಣ, ಆಮೇಲೆ ವಿಭೂತಿ. ಒದ್ದೆ ಮೈಯಲ್ಲಿ ಯಾಣದ ಮೆಟ್ಟಿಲು ಹತ್ತುವುದು ತ್ರಾಸು, ಅಲ್ಲಿನ ದೇವಸ್ಥಾನಕ್ಕೂ ಅದು ಸರಿಯಲ್ಲ. ಕುಮಟಾದಲ್ಲೋ ಶಿರಸಿಯಲ್ಲೋ ಪೆಟ್ರೋಲ್ ತುಂಬಿಸಿಕೊಂಡೇ ಹೊರಡುತ್ತೇನೆ. ಕಾಡಿನೊಳಗೆ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ.

‘ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ’ ಎಂಬ ಮಾತು, ಯಾಣದ ದಾರಿ ಅಷ್ಟು ಕಷ್ಟದ್ದು ಎಂಬರ್ಥದ್ದು, ರಸ್ತೆ ಆದಮೇಲೆ ಸಡಿಲಾಗಿದೆ. ಆದರೂ ಗುಹೆಯೊಳಗೆ ಹಗುರವಾಗಿ ನಡೆಯಬೇಡಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎರಡೂ ಸುಣ್ಣದ ಕಲ್ಲಿನವು, ನಮ್ಮ ಕರಾವಳಿಯ ಕೆಂಪು ಚಿರೆಕಲ್ಲಲ್ಲ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಬಿರುಕಿಗಿಳಿದು ಕಲ್ಲನ್ನು ಕರಗಿಸುತ್ತದೆ. ಗುಹೆಯೊಳಗಿನ ಭೈರವೇಶ್ವರ ಲಿಂಗದ ಮೇಲೆ ತೊಟ್ಟಿಕ್ಕುವುದೂ ಇಂಥ ಬಿರುಕಿನ ನೀರೇ. ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹೋಗಬೇಕಾದ್ದರಿಂದ ಒಂದು ಕೈ ಗೋಡೆಗಿರಲಿ. ಬಾವಲಿ ಹಿಕ್ಕೆ ಬಿದ್ದ ಕಡೆ ಕಲ್ಲು ಜಾರುತ್ತದೆ. ಶಿಖರದ ಮೇಲೆ ಹೆಜ್ಜೇನಿನ ತಟ್ಟಿಗಳಿವೆ. ಹೊಗೆ, ಸೆಂಟು, ಕೂಗಾಟ ಯಾವುದೂ ಬೇಡ.

ವಿಭೂತಿಯಲ್ಲಿ ಇದೇ ಸುಣ್ಣದ ಇನ್ನೊಂದು ಮುಖ ಕಾಣುತ್ತದೆ. ಸುಣ್ಣ ಕರಗಿದ ನೀರು ಬಂಡೆಗೆ ಬಡಿದು ಸಿಡಿಯುವಾಗ ಹೀರಿದ್ದ ಆ ಅನಿಲ ಬಿಟ್ಟುಕೊಡುತ್ತದೆ, ಸುಣ್ಣ ಕಲ್ಲಿಗೂ ಬೇರಿಗೂ ಪಾಚಿಗೂ ಹಿಟ್ಟಿನ ಬಣ್ಣದ ಪದರಾಗಿ ಮೆತ್ತಿಕೊಳ್ಳುತ್ತದೆ. ಈ ಪದರು ಬರಿದಾಗಿ ಒರಟಾಗಿದ್ದರೆ ಕಾಲು ನಿಲ್ಲುತ್ತದೆ. ಮೇಲೆ ಹಸಿರು ಲೋಳೆ ಕಂಡರೆ ಇಡಬೇಡಿ. ಎಲೆ, ಕಡ್ಡಿಯ ಮೇಲೆ ಕಟ್ಟಿದ ಪದರು ಒಳಗೆ ಟೊಳ್ಳು, ಭಾರಕ್ಕೆ ಕುಸಿದು ಮೊಣಕಾಲು ತರಿಯುತ್ತದೆ. ರಬ್ಬರ್ ತಳದ, ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಹಾಕಿಕೊಂಡೇ ನೀರಿಗಿಳಿಯುತ್ತೇನೆ.

ಗುಂಡಿಗೆ ನೀರು ಹೊರಹೋಗುವ ಬದಿಯಿಂದ ಇಳಿಯಬೇಕು, ಧಾರೆಗೆ ಮುಖ ಮಾಡಿ. ಎರಡು ಮೀಟರ್ ಉದ್ದದ ಬಿದಿರುಕೋಲಿನಿಂದ ಮುಂದಿನ ಹೆಜ್ಜೆಯ ಆಳ ನೋಡುತ್ತ ಹೋಗುತ್ತೇನೆ. ಪ್ರತಿ ಮಳೆಗಾಲಕ್ಕೂ ಮರಳು, ಕಲ್ಲು ಜಾಗ ಬದಲಿಸುವುದರಿಂದ ಹೋದ ವರ್ಷದ ಲೆಕ್ಕ ಈ ವರ್ಷ ನಡೆಯುವುದಿಲ್ಲ. ಮೇಲಿನಿಂದ ಹಾರುವುದಂತೂ ಬೇಡವೇ ಬೇಡ. ಧಾರೆಯ ನೇರ ಕೆಳಗೆ ಈಜುಗಾರರೂ ಮುಳುಗುತ್ತಾರೆ: ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಮೇಲಿಂದ ಬೀಳುವ ನೀರು ಕೆಳಕ್ಕೆ ಒತ್ತುತ್ತದೆ. ನೊರೆ ಮುಗಿದು ನೀರು ತಿಳಿಯಾಗುವ ಗೆರೆಯೇ ನನ್ನ ಗಡಿ. ದಡದಲ್ಲಿ ಒಬ್ಬರು ಟ್ಯೂಬಿಗೆ ಕಟ್ಟಿದ ಹತ್ತು ಮೀಟರ್ ನೈಲಾನ್ ಹಗ್ಗ ಹಿಡಿದು ನಿಂತಿರಬೇಕು, ಮೊಬೈಲ್ ಹಿಡಿದಲ್ಲ.

ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಬಿದ್ದಿರಬಹುದು. ನೀರು ಕೆಂಪಗಾಗುವುದು, ಕಸಕಡ್ಡಿ ತೇಲಿ ಬರುವುದು, ಸದ್ದು ದಪ್ಪವಾಗುವುದು, ಈ ಮೂರರಲ್ಲಿ ಒಂದು ಕಂಡರೂ ಇಳಿದ ಬದಿಗೇ ಹತ್ತಿಬಿಡಿ. ಬಟ್ಟೆ ಆಚೆ ದಡದಲ್ಲಿದೆಯೆಂದು ಹೊಳೆ ದಾಟಲು ಹೋಗಬೇಡಿ.

ಉಂಬಳ (ಜಿಗಣೆ) ನವೆಂಬರಿನಲ್ಲೂ ಹತ್ತುತ್ತದೆ. ಹೊಗೆಸೊಪ್ಪಿಗೆ ಸುಣ್ಣ ಕಲಸಿ ಕಾಲುಚೀಲಕ್ಕೆ ಸವರಿಕೊಳ್ಳಿ, ಚರ್ಮಕ್ಕಲ್ಲ. ಕಚ್ಚಿದ್ದರೆ ಎಳೆಯದೆ, ಉಗುರನ್ನು ಬಾಯಿಯ ಅಡಿಗೆ ತೂರಿಸಿ ಬಿಡಿಸಿ. ನಾಲ್ಕು ಗಂಟೆಗೆಲ್ಲ ನೀರಿನಿಂದೆದ್ದು, ಒಣ ಚಪ್ಪಲಿ ಹಾಕಿಕೊಂಡೇ ಮೆಟ್ಟಿಲು ಹತ್ತಲು ಶುರುಮಾಡಿ.